ಅಕ್ಷತೆಯ ಚಿತ್ರದಲ್ಲಿ ನಿಂತವಳು

ಮದುವೆಯ ಸುಗ್ಗಿ ಬಂತೆಂದರೆ ಇಳಕಲ್ಲಿನ ಫೋಟೋ ರಾಚಪ್ಪನ ಮನೆಯಲ್ಲಿ ಒಲೆ ಆರುತ್ತಿತ್ತು. ಕೆಲಸವಿಲ್ಲದೆ ಅಲ್ಲ, ಕೆಲಸ ಹೆಚ್ಚಾಗಿ. ಬೀದಿಗೆ ಸ್ಟುಡಿಯೋ, ಅದರ ಹಿಂದೆ ಮನೆ, ಮನೆಯ ಕಟ್ಟಕಡೆಗೆ ಕಿಟಕಿಯಿಲ್ಲದ ಅಡುಗೆಕೋಣೆ. ಬಾಗಿಲಿಗೊಂದು ಕರಿ ಕಂಬಳಿ ಇಳಿಬಿಟ್ಟರೆ ಹಗಲಿನಲ್ಲೂ ಕತ್ತಲಾಗುವ ಜಾಗ ಅದೊಂದೇ ಆದ್ದರಿಂದ ರೀಲು ತೊಳೆಯುವುದೂ ಕಾಗದದ ಮೇಲೆ ಚಿತ್ರ ಮೂಡಿಸುವುದೂ ಅಲ್ಲಿಯೇ. ಒಲೆಯಲ್ಲಿ ಕೆಂಡ ಉಳಿದಿದ್ದರೆ ಚಿತ್ರ ಕೆಟ್ಟಂತೆಯೇ. ರಾಚಪ್ಪ ಒಳಗೆ ಕೂತರೆ ಅವನ ಹೆಂಡತಿ ಬಸಲಿಂಗವ್ವ ನಾದಿದ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ಪಡಸಾಲೆಯಲ್ಲಿ ಕಾಯಬೇಕು. ಬೇಸಿಗೆಯುದ್ದಕ್ಕೂ ಆ ಮನೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇವೇ ಗತಿ.

"ಊರ ಮಂದಿ ಲಗ್ನದಾಗ ಹೊಟ್ಟಿ ತುಂಬ ಉಂಡು ಬರತಾರ. ಅವರ ಫೋಟೋ ತೊಳಿಯೋ ಸಲುವಾಗಿ ನಾ ಹಲ್ಲಿಲ್ಲದ ಬಾಯಾಗ ಖಡಕ್ ರೊಟ್ಟಿ ಕಡೀಬೇಕು," ಎನ್ನುತ್ತಿದ್ದಳು ರಾಚಪ್ಪನ ತಾಯಿ ಗುರುಲಿಂಗವ್ವ.

"ಮೊಸರಾಗ ನೆನಸ್ಕೋ ಯವ್ವಾ."

"ನೆನಸ್ಕೊಂಡ ಉಣ್ಣಾಕತ್ತೇನಿ. ಹೊಲ ಇದ್ದವರು ಹೊಲ ಮಾಡತಾರ. ನೀ ನನ್ನ ಒಲಿ ಆರಸೋ ಉದ್ಯೋಗ ಹುಡುಕ್ಕೊಂಡಿ."

ಬಸಲಿಂಗವ್ವ ಇಬ್ಬರ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅವಳ ತಕರಾರು ಬೇರೆ. ಔಷಧದ ತಟ್ಟೆಗಳನ್ನು ಗಂಡ ಅವಳ ಹಂಚಿನ ಪಕ್ಕದಲ್ಲೇ ಇಡುತ್ತಿದ್ದ. "ಒಂದಿನ ಬ್ಯಾಳಿಗೆ ಆ ನೀರು ಬಿದ್ದು ನಾವೆಲ್ಲಾ ಫೋಟೋ ಆಗಿ ಗ್ವಾಡಿ ಮ್ಯಾಲ ಕುಂದರತೇವಿ" ಎಂದು ಅವಳು ಗೊಣಗುವಾಗ ಮಾತ್ರ ಮನೆಮಂದಿಯೆಲ್ಲ ಒಟ್ಟಿಗೆ ನಗುತ್ತಿದ್ದರು.

ಒಬ್ಬಳೇ ಮಗಳು ದಾನಮ್ಮ. ಹುನಗುಂದದ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ರೊಟ್ಟಿ ಬಡಿಯುವುದರಲ್ಲಿ ತಾಯಿಗೆ ಸಮ, ಮಾತಿನಲ್ಲಿ ಅಜ್ಜಿಗೆ ಸಮ. ಅವಳಿಗೊಂದು ಗುಟ್ಟಿನ ಚಟವಿತ್ತು. ಸ್ಟುಡಿಯೋದ ಗೂಟಕ್ಕೆ ರಾಚಪ್ಪ ಕೋಟು, ಟೈ, ಕರಿ ಗಾಗಲ್, ದೊಡ್ಡ ಕಾಲರಿನ ಬಿಳಿ ಶರ್ಟು, ಬೆಲ್ ಬಾಟಂ ಪ್ಯಾಂಟು ತೂಗುಹಾಕಿದ್ದ. ಸಂತೆಯ ದಿನ ನೇಯುವ ಹುಡುಗರು ಬಂದು ಅವನ್ನು ತೊಟ್ಟು, ಪರದೆಯ ಮೇಲೆ ಬಣ್ಣದಲ್ಲಿ ಬರೆದ ಮೆಟ್ಟಿಲಿನ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುವರು. ಆ ಬಟ್ಟೆಗೆ ಇಸ್ತ್ರಿ ಹಾಕುವವಳು, ಗುಂಡಿ ಹಚ್ಚುವವಳು ದಾನಮ್ಮ. ಮಧ್ಯಾಹ್ನ ಅಪ್ಪ ಮಲಗಿದಾಗ ಸೀರೆ ಬಿಚ್ಚಿಟ್ಟು ಪ್ಯಾಂಟು ತೊಡುವಳು. ಜಡೆಯನ್ನೊಮ್ಮೆ ಮುಂದೆ ಬಿಟ್ಟು ನೋಡುವಳು, ಒಮ್ಮೆ ಕಾಲರಿನೊಳಗೆ ಸೇರಿಸಿ ನೋಡುವಳು. ತೋಳನ್ನು ಮೊಣಕೈತನಕ ಮಡಚಿದರೆ ಚೆಂದವೋ ಬಿಟ್ಟರೆ ಚೆಂದವೋ ಎಂದು ಕನ್ನಡಿಯ ಮುಂದೆ ನಿಂತು ತಕರಾರು ಮಾಡುವಳು. ಕೊನೆಗೆ ಖಾಲಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ತಾನಾಗಿಯೇ ಹೊಡೆದುಕೊಳ್ಳುವ ಕಡ್ಡಿಯನ್ನೆಳೆದು, ಓಡಿಹೋಗಿ ಮೆಟ್ಟಿಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು. ಕ್ಯಾಮೆರಾ ಗುಂಯ್‌ಗುಟ್ಟಿ ಟಪ್ಪೆನ್ನುವುದು. ರೀಲು ಇಲ್ಲದ್ದರಿಂದ ಚಿತ್ರ ಎಲ್ಲಿಯೂ ಮೂಡುತ್ತಿರಲಿಲ್ಲ. ಅವಳಿಗೆ ಆ ಟಪ್ ಸದ್ದೇ ಸಾಕಾಗಿತ್ತು.

ಕ್ಯಾಮೆರಾ ಖಾಲಿಯಿರುತ್ತದೆಂದು ಅವಳಿಗೆ ಅಷ್ಟು ಖಾತ್ರಿ ಏಕೆಂದರೆ ರಾಚಪ್ಪನದೊಂದು ಶಿಸ್ತಿತ್ತು. ಮದುವೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಕ್ಯಾಮೆರಾಕ್ಕೆ ವಿಭೂತಿ ಹಚ್ಚಿ, ಆಮೇಲೆಯೇ ರೀಲು ಹಾಕುವುದು. ಹೊಸ ರೀಲಿನ ಮೊದಲ ಚಿತ್ರ ಅಕ್ಷತೆಯದ್ದೇ ಆಗಬೇಕು. ವಧೂವರರ ತಲೆಯ ಮೇಲೆ ಕಾಳು ಬೀಳುವ ತನಕ ಕ್ಯಾಮೆರಾ ಚೀಲದಿಂದ ಹೊರಗೆ ಬರಕೂಡದು. ಇದನ್ನು ಕಲಿಸಿದವರು ಬಾಗಲಕೋಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಅವನ ಗುರುಗಳು. ಆ ಗುರುವಿನ ಮಗನೇ ಹುನಗುಂದದ ಫೋಟೋ ಅಬ್ದುಲಸಾಬ. ಇಬ್ಬರೂ ಒಂದೇ ಕೋಣೆಯ ಕತ್ತಲಲ್ಲಿ ಕೆಲಸ ಕಲಿತವರು. ಇಬ್ಬರ ಸ್ಟುಡಿಯೋದ ಪರದೆಯನ್ನೂ ಒಬ್ಬನೇ ಪೇಂಟರ್ ಬರೆದಿದ್ದ, ಅದೇ ಮೆಟ್ಟಿಲು. ಅಬ್ದುಲಸಾಬನ ಹೆಂಡತಿ ಶಹರಬಾನು ಸೀರೆ ಕೊಳ್ಳಲು ಇಳಕಲ್ಲಿಗೆ ಬಂದರೆ ಊಟ ಈ ಮನೆಯಲ್ಲೇ. ಆಕೆಗೆಂದು ಒಂದು ಜರ್ಮನ್ ತಾಟು, ಅಲ್ಯುಮಿನಿಯಮ್ಮಿನದು, ಹಿತ್ತಲ ಗೂಡಿನಲ್ಲಿತ್ತು. ಉಂಡು, ತಾನೇ ತೊಳೆದು, ಅಲ್ಲಿಯೇ ಇಟ್ಟು ಹೋಗುವಳು. ಇವರು ಹುನಗುಂದಕ್ಕೆ ಹೋದರೆ ಆಕೆ ಅಡುಗೆಯ ಬದಲು ಬಾಳೆಹಣ್ಣು ಕೊಡುವಳು. ಇದನ್ನು ಯಾರೂ ಬಾಯಿಬಿಟ್ಟು ಹೇಳಿ ಮಾಡಿದ್ದಲ್ಲ. ಯಾರೂ ಬೇಡವೆಂದದ್ದೂ ಇಲ್ಲ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಸೀರೆ ವ್ಯಾಪಾರದ ಈರಪ್ಪ ಸಾವ್ಕಾರರ ಮಗನ ಮದುವೆ ಬನಶಂಕರಿಯಲ್ಲಿ ಗೊತ್ತಾಯಿತು. ದಿಬ್ಬಣದ ಬಸ್ಸು ನಸುಕಿನಲ್ಲೇ ಬಿಡುತ್ತದೆಂದು ರಾಚಪ್ಪ ಹಿಂದಿನ ಮಧ್ಯಾಹ್ನವೇ ರೀಲು ಹಾಕಿಟ್ಟು ಮಲಗಿದ. ಯಾರಿಗೂ ಹೇಳಲಿಲ್ಲ. ತನ್ನ ಕ್ಯಾಮೆರಾಕ್ಕೆ ತಾನು ರೀಲು ಹಾಕಿದ್ದನ್ನು ಹೇಳಬೇಕಾದವರಾದರೂ ಯಾರಿದ್ದರು?

ಮದುವೆಯಿಂದ ಬಂದ ಮಾರನೆಯ ದಿನ ಒಲೆ ಆರಿತು, ಕಂಬಳಿ ಇಳಿಯಿತು. ಆ ದಿನ ಬಸಲಿಂಗವ್ವ ನೀರು ಹೊಯ್ದು ಕೊಡಲು ಒಳಗೇ ಇದ್ದಳು. ಕೆಂಪು ಬಲ್ಬಿನ ಕೆಳಗೆ ತಟ್ಟೆಯ ನೀರಿನಲ್ಲಿ ಕಾಗದ ಅಲ್ಲಾಡುತ್ತಿತ್ತು. ಮೊದಲು ಬಾಸಿಂಗ ಮೂಡಿತು, ಆಮೇಲೆ ಮದುಮಗನ ಮೀಸೆ, ಮದುಮಗಳ ದಂಡೆ. ಅವರಿಬ್ಬರ ನಡುವೆ ಮತ್ತೊಂದು ಆಕಾರ ಎದ್ದುಬಂತು. ಬಿಳಿ ಶರ್ಟು, ಕರಿ ಗಾಗಲ್, ಸೊಂಟದ ಮೇಲೊಂದು ಕೈ. ಅಕ್ಷತೆಯ ಕಾಳು ಅವಳ ಮೇಲೂ ಬೀಳುತ್ತಿದ್ದವು. ಗಾಗಲ್ಲು ಮುಖವನ್ನು ಅರ್ಧ ನುಂಗಿತ್ತು. ಆದರೆ ತಾಯಿಗೆ ಮುಖ ಬೇಕಾಗಲಿಲ್ಲ.

"ದಾನಿ," ಎಂದಳು ಬಸಲಿಂಗವ್ವ.

ಆ ದಿನ ಕಂಬಳಿ ಸರಿಸಿದ ಮೇಲೂ ಒಲೆ ಹೊತ್ತಲಿಲ್ಲ. ಖಡಕ್ ರೊಟ್ಟಿಯ ಬುಟ್ಟಿ ನಡುವಿಟ್ಟುಕೊಂಡು ನಾಲ್ವರೂ ಪಡಸಾಲೆಯಲ್ಲಿ ಕೂತರು. ಯಾರೂ ರೊಟ್ಟಿ ಮುರಿಯಲಿಲ್ಲ.

"ಕ್ಯಾಮೆರಾ ಖಾಲಿ ಐತಿ ಅಂದ್ಕೊಂಡಿದ್ದೆ ಯಪ್ಪಾ," ಎಂದಳು ದಾನಮ್ಮ.

"ಖಾಲಿ ಇದ್ರ ಪ್ಯಾಂಟ್ ಹಾಕ್ಕೋಬಹುದೇನು?" ಎಂದಳು ತಾಯಿ. "ಎಷ್ಟ ದಿನದಿಂದ ನಡದೈತಿ ಇದು?"

"ಭಾಳ ದಿನದಿಂದ."

"ಗಂಡಸರು ಹಾಕಿ ಬಿಚ್ಚಿದ್ದು. ಹೊಲಸು ಅನಸಲಿಲ್ಲೇನು ನಿನಗ?"

"ಒಗಿಯಾಕಿ ನಾನ ಅಲಾ ಯವ್ವಾ."

ಗುರುಲಿಂಗವ್ವ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಇಕಿ ಎಲ್ಲಿ ಅದಾಳು? ಇಲ್ಲಿ ಯಾವನೋ ಹುಡುಗ ನಿಂತಾನ," ಎಂದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದರು.

ರೀಲು ಮುಂದೆ ಸರಿಯದೆ ಮಗಳ ಚಿತ್ರದ ಮೇಲೆಯೇ ಅಕ್ಷತೆಯ ಚಿತ್ರ ಬಿದ್ದಿತ್ತು. ಅಕ್ಷತೆಯದು ಬೇರೆ ಚಿತ್ರವಿರಲಿಲ್ಲ. ರಾಚಪ್ಪ ಬ್ಲೇಡಿನಿಂದ ಕೆರೆದ, ಪೆನ್ಸಿಲಿನಿಂದ ತೀಡಿದ. ಮದುಮಗಳ ಮೂಗು ಹೋಯಿತೇ ಹೊರತು ಮಗಳು ಹೋಗಲಿಲ್ಲ. ಕಾಲು ಶತಮಾನ ಊರವರ ಮದುವೆ ಹಿಡಿದವನಿಗೆ ಅಂಗಡಿಯ ಬಾಗಿಲು ತೆರೆಯಲೂ ನಾಚಿಕೆಯಾಯಿತು. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಸುಳ್ಳು ಸುಳ್ಳೇ ದಿನ ತಳ್ಳಿದ. ಕೊನೆಗೊಂದು ದಿನ ಈರಪ್ಪ ಸಾವ್ಕಾರರೇ ಸ್ಟುಡಿಯೋಕ್ಕೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಕೆರೆಯದ ಒಂದು ಪ್ರತಿಯನ್ನು ಅವರ ಮುಂದೆ ಇಡದೆ ಗತಿಯಿರಲಿಲ್ಲ.

ಸಾವ್ಕಾರರು ಕನ್ನಡಕ ಏರಿಸಿದರು, ಇಳಿಸಿದರು. "ಯಾರ ಇಕಿ?"

ದಾನಮ್ಮ ಚಹಾದ ಕಪ್ಪು ಹಿಡಿದು ಪರದೆಯ ಹಿಂದೆ ನಿಂತಿದ್ದಳು. ಅಪ್ಪ ತನ್ನ ಹೆಸರು ಹೇಳುತ್ತಾನೆಂದು ಕಾದಳು. ಹೇಳಿಬಿಟ್ಟರೆ ಸಾಕು, ಎರಡು ಬೈಗುಳ ಕೇಳಿ ಮುಗಿದುಹೋಗುತ್ತದೆಂದುಕೊಂಡಳು.

"ನನ್ನ ಕ್ಯಾಮೆರಾ ಕೆಟ್ಟಿತ್ರಿ ಸಾವ್ಕಾರ್ರ," ಎಂದ ರಾಚಪ್ಪ. "ಹುನಗುಂದದ ಅಬ್ದುಲನ ಕಡಿಂದ ಇಸಕೊಂಡು ಬಂದಿದ್ನಿ. ಅವನ ಸ್ಟುಡಿಯೋದಾಗ ಯಾರದೋ ಹೊಡದಿದ್ದು ಅದರಾಗ ಉಳದ್ಬಿಟ್ಟೈತ್ರಿ."

"ಸಾಬನ ಸ್ಟುಡಿಯೋದಾಗ ಇಂಥಾ ಹುಡುಗ್ಯಾರು ಬರತಾರ?"

"ನನಗೇನ ಗೊತ್ರಿ."

ಸಾವ್ಕಾರರು ಚಿತ್ರವನ್ನು ಜೇಬಿಗಿಟ್ಟುಕೊಂಡು ಎದ್ದರು. ಚಹಾ ಆರಿತು.

"ಯಾಕ ಹಂಗ ಹೇಳಿದಿ ಯಪ್ಪಾ?"

"ನಿನ್ನ ನೋಡಾಕ ನಾಳೆ ಯಾರರೇ ಬರಬೇಕೋ ಬ್ಯಾಡೋ? ಗಂಡಸರ ಪ್ಯಾಂಟ್ ಹಾಕ್ಕೊಂಡು ಮಂದಿ ಅಕ್ಷತ್ಯಾಗ ನಿಂತಾಕಿ ಅಂದ್ರ ಯಾರು ಮಾಡ್ಕೋತಾರ?"

"ಮತ್ತ ಅಬ್ದುಲ್ ಚಾಚಾ?"

"ಅಂವಾ ಗಂಡಸ ಅದಾನ. ಅವಂಗೇನ ಆಗತೈತಿ?"

ಬಸಲಿಂಗವ್ವ ಪ್ಯಾಂಟು, ಶರ್ಟು, ಗಾಗಲ್ ಮೂರನ್ನೂ ಗಂಟು ಕಟ್ಟಿ ಜೋಳದ ಚೀಲದ ಹಿಂದೆ ತುರುಕಿದಳು. ಸಂತೆಗೆ ಬಂದ ಹುಡುಗರು ಬೆಲ್ ಬಾಟಂ ಕೇಳಿದರೆ ದರ್ಜಿಗೆ ಕೊಟ್ಟಿದೆ ಎನ್ನುವುದು ರೂಢಿಯಾಯಿತು. ಒಂದು ಸುಳ್ಳು ಹೊರಗಿತ್ತು, ಅದರ ಮರಿ ಮನೆಯೊಳಗಿತ್ತು. ಮಳೆ ಬಂತು, ಮದುವೆಗಳು ನಿಂತವು, ಒಲೆ ದಿನವೂ ಹೊತ್ತತೊಡಗಿತು. ಪುಂಡಿಪಲ್ಯ, ಬಿಸಿ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆ. ಗುರುಲಿಂಗವ್ವನ ಬಾಯಿಗೆ ರುಚಿ ಬಂತು. ಮರೆತುಹೋಯಿತೆಂದೇ ರಾಚಪ್ಪ ತಿಳಿದ.

ಮರೆತವರು ಇವರು ಮಾತ್ರ. ಸಾವ್ಕಾರರ ಹೆಂಡತಿ ಆ ಚಿತ್ರವನ್ನು ಬಂದವರಿಗೆಲ್ಲ ತೋರಿಸಿದರು. ಬಾಯಿಂದ ಬಾಯಿಗೆ ಹೋಗುತ್ತ "ಸಾಬನ ಸ್ಟುಡಿಯೋದ ಹುಡುಗಿ" ಎಂಬುದು "ಸಾಬನ ಹುಡುಗಿ" ಆಗಲು ಬಹಳ ದಿನ ಬೇಕಾಗಲಿಲ್ಲ. ಅಬ್ದುಲಸಾಬನಿಗೂ ದಾನಮ್ಮನ ವಯಸ್ಸಿನ, ಅವಳದೇ ಎತ್ತರದ ಮಗಳಿದ್ದಳು. ಅಬೇದಾ.

ಶ್ರಾವಣದಲ್ಲಿ ಶಹರಬಾನು ಬಂದಳು. ಸೀರೆ ಕೊಳ್ಳುವ ಚೀಲ ತಂದಿರಲಿಲ್ಲ. ಬಸಲಿಂಗವ್ವ ಹಿತ್ತಲ ಗೂಡಿನ ತಾಟು ತಂದು ರೊಟ್ಟಿ, ಹೆಸರುಕಾಳು ಪಲ್ಯ ಬಡಿಸಿದಳು.

"ಬಾದಾಮಿಯವರು ಅಬೇದಾನ್ನ ನೋಡಿ ಒಪ್ಪಿದ್ರು ಅಕ್ಕಾ," ಎಂದಳು ಶಹರಬಾನು. "ಈಗ ಬ್ಯಾಡ ಅಂತಾರ. ಅದ್ಯಾವುದೋ ಲಗ್ನದ ಫೋಟೋದಾಗ ನಮ್ಮ ಹುಡುಗಿ ಪ್ಯಾಂಟ್ ಹಾಕ್ಕೊಂಡು ನಿಂತಾಳಂತ. ಹುಡುಗಿ ಅನ್ನ ನೀರು ಬಿಟ್ಟಾಳ."

ಬಸಲಿಂಗವ್ವ ಬಡಿಸುವ ಕೈಯನ್ನು ಹಾಗೆಯೇ ಹಿಡಿದಳು.

"ಶುಕ್ರವಾರ ಕಡೀ ಮಾತು ಹೇಳಾಕ ಬರತಾರ. ಅಣ್ಣಾರು ಬಂದು ಒಂದ ಮಾತು ಹೇಳಿದ್ರ ಸಾಕ್ರಿ, ಅದು ನಮ್ಮ ಹುಡುಗಿ ಅಲ್ಲ ಅಂತ. ಫೋಟೋ ಹೊಡದವರು ಅವರ ಅಲಾ."

"ಅಬ್ದುಲ್ ಏನಂತಾನ?" ಎಂದು ಕೇಳಿದ ರಾಚಪ್ಪ. ಗೋಡೆ ನೋಡುತ್ತ ಕೇಳಿದ.

"ಏನೂ ಅನ್ನೂದಿಲ್ರಿ. ನಾ ಕ್ಯಾಮೆರಾ ಕೊಟ್ಟಿಲ್ಲ, ಅಷ್ಟ ನನಗ ಗೊತ್ತು ಅಂತಾರ. ಯಾಕ ಹಂಗ ಹೇಳ್ಯಾನ ಕೇಳ್ರಿ ಅಂದ್ರ, ರಾಚ್ಯಾಗ ಏನೋ ಅಡಚಣಿ ಇರಬೇಕು ಬಿಡು ಅಂದ್ರು."

ಆಕೆ ಉಂಡದ್ದು ಅರ್ಧ ರೊಟ್ಟಿ. ತಾಟು ತೊಳೆದು ಗೂಡಿನಲ್ಲಿಟ್ಟು ಮಧ್ಯಾಹ್ನದ ಬಸ್ಸಿಗೆ ಹೋದಳು. ಆಕೆ ಇದ್ದಷ್ಟು ಹೊತ್ತೂ ದಾನಮ್ಮ ಅಡುಗೆಕೋಣೆಯಿಂದ ಹೊರಗೆ ಬರಲಿಲ್ಲ. ಚಾಚಿ ಎಂದು ಕರೆಯುತ್ತ ಬೆಳೆದವಳಿಗೆ ಆ ದಿನ ಮುಖ ತೋರಿಸುವ ಧೈರ್ಯ ಆಗಲಿಲ್ಲ.

"ನಾ ಹೋಗಿ ಹೇಳ್ತೇನಿ," ಎಂದಳು ಬಸ್ಸು ಹೋದ ಮೇಲೆ.

"ಏನೂ ಬ್ಯಾಡ," ಎಂದಳು ಗುರುಲಿಂಗವ್ವ. "ನಮ್ಮ ಹುಡುಗಿ ಹೆಸರು ಕೆಡಸ್ಕೊಂಡು ಅವರ ಹುಡುಗಿ ಹೆಸರು ಉಳಸೂದೇನು?"

"ಅವರ ಹುಡುಗಿ ಹೆಸರು ಕೆಡಿಸಿದವರು ನಾವ ಆಯಿ."

"ನಾ ಒಬ್ಬನ ಹೋಗಿ ಬರತೇನಿ," ಎಂದ ರಾಚಪ್ಪ. "ಅಬೇದಾ ಅಲ್ಲ ಅಂತ ಹೇಳ್ತೇನಿ. ಯಾರು ಅಂತ ಹೇಳೂದು ಬ್ಯಾಡ."

ಬಸಲಿಂಗವ್ವ ಅಲ್ಲಿಯ ತನಕ ಹಂಚಿನ ಮುಂದೆ ಕೂತಿದ್ದಳು. ಈಗ ಜೋಳದ ಚೀಲ ಸರಿಸಿ ಗಂಟು ಎಳೆದಳು. ಹಿಟ್ಟಿನ ಧೂಳು ಕೊಡವಿ ಪ್ಯಾಂಟನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ತೀಡಿ ತೀಡಿ ಮಡಿಕೆ ಬಿಡಿಸಿದಳು.

"ನೀವು ಒಮ್ಮಿ ಒಂದು ಹೇಳೀರಿ," ಎಂದಳು ಗಂಡನಿಗೆ. "ಈಗ ಹೋಗಿ ಇನ್ನೊಂದು ಹೇಳಿದ್ರ ಯಾವುದು ಖರೆ ಅಂತ ಕೇಳ್ತಾರ. ಇಕಿ ಸೀರಿ ಉಟ್ಕೊಂಡು ಹೋಗಿ ನಾನ ಅಂದ್ರ, ಗೆಳತಿ ಸಲುವಾಗಿ ಸುಳ್ಳ ಹೇಳಾಕತ್ತಾಳ ಅಂತಾರ. ಇದನ್ನ ಹಾಕ್ಕೊಂಡು ಹೋಗಿ ನಿಂದ್ರಲಿ. ನೋಡಿದವರಿಗೆ ಕಣ್ಣ ಅದಾವ."

"ಬಸ್ಸಿನ್ಯಾಗ? ಹಗಲಿನ್ಯಾಗ?"

"ಮತ್ತ ಅವರ ಹುಡುಗಿ ಹಗಲಿನ್ಯಾಗ ಅಳಾಕತ್ತಾಳಲ್ರಿ."

ರಾಚಪ್ಪ ಎದ್ದು ಸ್ಟುಡಿಯೋಕ್ಕೆ ಹೋದ. ಗಿರಾಕಿ ಇರಲಿಲ್ಲ. ಬಣ್ಣದ ಮೆಟ್ಟಿಲಿನ ಮುಂದೆ ಕೂತು ಕ್ಯಾಮೆರಾ ಒರೆಸುತ್ತಲೇ ಇದ್ದ. ಊಟಕ್ಕೆ ಕರೆದರೆ ಬರಲಿಲ್ಲ.

ಶುಕ್ರವಾರ ಹುನಗುಂದದ ಬಸ್ಸಿನಲ್ಲಿ ಒಬ್ಬ ಹುಡುಗಿ ಬೆಲ್ ಬಾಟಂ ತೊಟ್ಟು ಕೂತಿದ್ದನ್ನು ನೋಡಿದವರು ಆಮೇಲೆ ಬಹಳ ದಿನ ಹೇಳಿಕೊಂಡು ತಿರುಗಿದರು. ಕಂಡಕ್ಟರ್ ಟಿಕೀಟು ಹರಿಯುವುದನ್ನು ಮರೆತು ನಿಂತ. ಹಿಂದಿನ ಸೀಟಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಮಧ್ಯಾಹ್ನದ ಸ್ಟುಡಿಯೋದಲ್ಲಿ ಅಷ್ಟು ಹಗುರವಾಗಿದ್ದ ಬಟ್ಟೆ ದಾನಮ್ಮನ ಮೈಮೇಲೆ ಈಗ ಒದ್ದೆ ಕಂಬಳಿಯಂತೆ ಭಾರವಾಗಿತ್ತು. ತನ್ನ ಉಡುಪು ತನಗೇ ಬೇಡವೆನಿಸಿದ್ದು ಅದೇ ಮೊದಲು. ಅದಕ್ಕಾಗಿ ಅವಳಿಗೆ ಒಳಗೊಳಗೇ ದುಃಖವೂ ಆಯಿತು. ಬಸಲಿಂಗವ್ವ ಇಳಕಲ್ ಸೀರೆಯ ಸೆರಗನ್ನು ಹಣೆಯ ತನಕ ಎಳೆದುಕೊಂಡು ಮಗಳ ಮಗ್ಗುಲಿಗೆ ಒತ್ತಿ ಕೂತಿದ್ದಳು. ರಾಚಪ್ಪ ಮುಂದಿನ ಸೀಟಿನಲ್ಲಿ ಹಿಂದೆ ತಿರುಗದೆ ಕೂತಿದ್ದ. ಅಜ್ಜಿ ಬರಲಿಲ್ಲ. ಆದರೆ ಹೊರಡುವಾಗ, ಗಂಟಿನಲ್ಲೇ ಮರೆತುಬಿಟ್ಟಿದ್ದ ಗಾಗಲ್ಲನ್ನು ತನ್ನ ಸೆರಗಿನಿಂದ ಒರೆಸಿ ತಂದು ಕೊಟ್ಟಿದ್ದಳು.

ಅಬ್ದುಲಸಾಬನ ಮನೆಯ ಜಮಖಾನೆಯ ಮೇಲೆ ಬಾದಾಮಿಯ ಹುಡುಗನ ತಂದೆ ತಾಯಿ ಕೂತಿದ್ದರು. ಇವರು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ರಾಚಪ್ಪ ಚಿತ್ರದ ಇನ್ನೊಂದು ಪ್ರತಿಯನ್ನು ತೆಗೆದು ಅವರ ಮುಂದಿಟ್ಟ. ದಾನಮ್ಮ ಗೋಡೆಗೆ ಬೆನ್ನು ಮಾಡಿ ನಿಂತಳು, ಗಾಗಲ್ ಹಾಕಿಕೊಂಡಳು, ಸೊಂಟದ ಮೇಲೆ ಕೈಯಿಟ್ಟಳು. ಹುಡುಗನ ತಾಯಿ ಚಿತ್ರ ನೋಡಿದರು, ಅವಳನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

"ಇಕೀನ," ಎಂದರು.

"ನನ್ನ ಮಗಳ್ರಿ," ಎಂದ ರಾಚಪ್ಪ. "ಕ್ಯಾಮೆರಾ ನಂದು, ರೀಲು ನಂದು. ಖಾಲಿ ಐತಿ ಅಂತ ಹುಡುಗಿ ಆಟಕ್ಕ ಹೊಡಕೊಂಡಿತ್ತು. ಅಬ್ದುಲಂದು ಇದರಾಗ ಏನೂ ಇಲ್ಲ. ಅವನ ಹೆಸರು ಹೇಳಿದ್ದು ನಾನ."

"ಯಾಕ ಹೇಳಿದ್ರಿ?" ಎಂದರು ಹುಡುಗನ ತಂದೆ.

ಈ ಪ್ರಶ್ನೆಗೆ ಅವನು ದಾರಿಯುದ್ದಕ್ಕೂ ಉತ್ತರ ಹುಡುಕಿದ್ದ. ಮಗಳ ಲಗ್ನ, ಸಾವ್ಕಾರರ ಸಿಟ್ಟು, ಎಷ್ಟೋ ಇದ್ದವು. ಬಾಯಿಗೆ ಬಂದದ್ದು ಬೇರೆ.

"ಅಂವಾ ಏನೂ ಅನ್ನೂದಿಲ್ಲ ಅಂತ ಗೊತ್ತಿತ್ರಿ."

ಅಬ್ದುಲಸಾಬ ತಲೆಯೆತ್ತಿ ಅವನನ್ನು ನೋಡಿದ. ಆಗಲೂ ಏನೂ ಅನ್ನಲಿಲ್ಲ.

ಹುಡುಗನ ತಾಯಿಯೇ ಮೊದಲು ಬಾಯಿ ತೆರೆದರು. "ಕುಂದರವಾ ಸಾಕು. ಪ್ಯಾಂಟಿನ ಅಂಚು ಬಿಚ್ಚೈತಿ, ಮನೀಗೆ ಹೋಗಿ ಹೊಲಕೋ," ಎಂದು ದಾನಮ್ಮನಿಗೆ ಹೇಳಿ, ಶಹರಬಾನುವಿನ ಕಡೆ ತಿರುಗಿದರು. "ಹುಡುಗೀನ ಕರೀರಿ. ನಾವೂ ಕಿವಿ ಕೇಳಿದ್ದು ನಂಬಿದ್ವಿ, ಆಕಿ ಮುಖ ನೋಡಬೇಕು."

ಮಾತು ಮತ್ತೆ ಕೂಡಿತು. ಶಹರಬಾನು ಕಣ್ಣೊರೆಸಿಕೊಂಡು ಒಳಗೆ ಹೋಗಿ ಊಟಕ್ಕೆ ಅಣಿಮಾಡಿದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮಾಂಸದ ಸಾರು. ಎಲ್ಲರಿಗೂ ತಾಟು ಬಂದವು. ರಾಚಪ್ಪ, ಬಸಲಿಂಗವ್ವ, ದಾನಮ್ಮ ಮೂವರ ಮುಂದೆ ಬಾಳೆಯ ಎಲೆಯ ತುಂಡು ಹಾಸಿ, ಬಾಳೆಹಣ್ಣು ಇಟ್ಟು, ಒಂದು ಹಿಡಿ ಸಕ್ಕರೆ ಸುರಿದಳು.

"ಎಲಿ ಹೊಸಾದೈತ್ರಿ ಅಣ್ಣಾರ. ಹಣ್ಣು ನಾನ ತೊಳದೇನಿ," ಎಂದಳು.

ಕೊಂಕಿನಿಂದ ಹೇಳಿದ್ದಲ್ಲ. ಇವರು ಬಂದಾಗಲೆಲ್ಲ ಆಕೆ ಹೇಳುತ್ತಿದ್ದ ಮಾತೇ ಅದು, ಇಷ್ಟು ವರ್ಷ ಇವರು ಹೂಂ ಎಂದು ಕೇಳಿಕೊಂಡ ಮಾತೇ. ಬಸಲಿಂಗವ್ವನಿಗೆ ಹಿತ್ತಲ ಗೂಡಿನ ಜರ್ಮನ್ ತಾಟು ಕಣ್ಣಿಗೆ ಕಟ್ಟಿತು. ಬಸ್ಸಿನಲ್ಲಿ ಆಗದಿದ್ದಷ್ಟು ನಾಚಿಕೆ ಈಗ ಆಯಿತು. ಸೆರಗು ಎಳೆದುಕೊಳ್ಳಲು ನೋಡಿದಳು, ಅದು ಆಗಲೇ ಹಣೆಯ ಮೇಲಿತ್ತು.

ಅಬೇದಾ ತನ್ನ ತಾಟು ಹಿಡಿದು ಬಂದು ದಾನಮ್ಮನ ಪಕ್ಕ ಕೂತಳು. ಅತ್ತು ಅವಳ ಕಣ್ಣು ಊದಿದ್ದವು. ಪ್ಯಾಂಟಿನ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಕುಂತ್ರ ಬಿಗಿ ಆಗೂದಿಲ್ಲೇನ?" ಎಂದಳು ಮೆಲ್ಲಗೆ. ದಾನಮ್ಮ ಕೈ ಚಾಚಿ ಅಬೇದಾಳ ತಾಟಿನಿಂದ ರೊಟ್ಟಿಯ ತುಂಡು ಮುರಿದು, ಬದನೆಕಾಯಿಗೆ ಹಚ್ಚಿದಳು.

"ದಾನೀ," ಎಂದ ರಾಚಪ್ಪ.

ತಡೆಯಲೆಂದು ಬಾಯಿ ತಾನಾಗಿ ಆಡಿದ ಮಾತು. ಅಂದ ಮೇಲೆಯೇ ಅವನಿಗೂ ಕೇಳಿಸಿದ್ದು. ಜಮಖಾನೆಯ ಮೇಲೆ ಕೂತವರೆಲ್ಲರ ಕೈಗಳೂ ನಿಂತವು. ದಾನಮ್ಮ ಅಪ್ಪನ ಮುಖ ನೋಡುತ್ತಲೇ ತುತ್ತು ಬಾಯಿಗಿಟ್ಟುಕೊಂಡು ಅಗಿದಳು.

"ಬದನಿಕಾಯಿ ಖಾರ ಆಗೈತೇನವಾ?" ಎಂದು ಶಹರಬಾನು ನಡುವೆ ಬಂದು ಕೇಳಿದಳು, ಅವನು ಕರೆದದ್ದು ಅದಕ್ಕೇ ಎಂಬಂತೆ.

"ಇಲ್ಲ ಚಾಚಿ. ಬರೋಬ್ಬರಿ ಐತಿ."

ರಾಚಪ್ಪ ತಲೆ ತಗ್ಗಿಸಿ ಬಾಳೆಹಣ್ಣಿನ ಸಿಪ್ಪೆ ಸುಲಿದ. ಸುಲಿದ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲರ ಊಟ ಮುಗಿಯುವ ತನಕ ಹಾಗೆಯೇ ಕೂತಿದ್ದ.